ತಾಡಪತ್ರಿಯ ಕೆಳಗಿನ ಟ್ರಯಲ್

ಕಾತ್ರಜದ ಹಳೆಗಾಡಿಗಳ ಬಜಾರಿನಲ್ಲಿ ಬಸವಲಿಂಗ ಎರಡು ಬಿಳಿ ಪಿಕಪ್ಪುಗಳ ನಡುವೆ ನಿಂತಲ್ಲಿ ನಿಲ್ಲದೆ ತಿರುಗುತ್ತಿದ್ದ. ಒಂದು ಸಿಂಗಲ್ ಕೇಬಿನ್: ಮುಂದೆ ಒಂದೇ ಸಾಲು ಸೀಟು, ಹಿಂದೆ ಉದ್ದನೆಯ ಬಾಡಿ. ಇನ್ನೊಂದು ಡಬಲ್ ಕೇಬಿನ್: ಎರಡು ಸಾಲು ಸೀಟು, ಹಿಂದೆ ಗಿಡ್ಡ ಬಾಡಿ. ಕಟ್ಟಡಗಳಿಗೆ ಸ್ಲ್ಯಾಬ್ ಹಾಕುವ ಗ್ಯಾಂಗಿನ ಮುಕಾದಮ ಅವನು. ಎರಡರಲ್ಲೊಂದನ್ನು ಕೊಳ್ಳಬೇಕಿತ್ತು.

"ಸಿಂಗಲ್ ಅಂದ್ರ ಎತ್ತು ಇದ್ದಂಗ್ರಿ," ಅಂದ ಮಾರುವವನು ಸ್ವಪ್ನಿಲ್. ಸೊಲ್ಲಾಪುರದವನು, ಕನ್ನಡ ನಾಲಿಗೆಯ ಮೇಲೇ ಇತ್ತು. "ಗಾಲಿ ಮ್ಯಾಲಿನ ಸ್ಪ್ರಿಂಗ್ ಪಾಟಾ ನೋಡ್ರಿ, ಎಷ್ಟು ಹೇರಿದ್ರೂ ಬಗ್ಗಂಗಿಲ್ಲ. ನಿಮ್ಮ ಹಲಗಿ ಪೂರಾ ಒಳಗ ಕುಂಡ್ರತಾವ."

"ಖಾಲಿ ಹೊಂಟಾಗ ಕುಣಿತದ," ಅಂದ ಗ್ಯಾಂಗಿನ ಡ್ರೈವರ್ ಕಾಡಪ್ಪ.

"ನೀವು ಖಾಲಿ ಯಾವಾಗ ಓಡಸ್ತೀರಿ?"

"ಅದೂ ಖರೆ."

"ಡಬಲ್ ಮೆತ್ತಗ ಓಡತದ. ಎಸಿ ಅದ. ಆದ್ರ ಹಲಗಿ ಎರಡ ಮೊಳ ಹೊರಗ ಬರತಾವ. ಮಾಲೂ ಕಮ್ಮಿ ಹಿಡಿತದ."

"ಹಡಪಸರದ ಗಲ್ಲಿಯೊಳಗ ಇದನ್ನ ತಿರುಗಿಸಬೇಕಂದ್ರ ನಮ್ಮಪ್ಪ ಎದ್ದು ಬರಬೇಕು," ಅಂದ ಕಾಡಪ್ಪ.

ಕಾಶವ್ವ ಅಲ್ಲೇ ಒಂದು ಹಳೆಯ ಟಾಯರಿನ ಮೇಲೆ ಕುಳಿತಿದ್ದಳು. ಬಸವಲಿಂಗನಿಗೆ ಚಿಗವ್ವ, ಗ್ಯಾಂಗಿನ ಹೆಂಗಸರಿಗೆಲ್ಲ ಹಿರಿಯಳು. ಅವಳ ಉಡಿಯಲ್ಲಿ ನಾಲ್ಕು ನಿಂಬೆಹಣ್ಣುಗಳಿದ್ದವು. ಹೊಸದಾಗಿ ಬಂದ ಗಾಡಿ ಹಿರಿಯ ಹೆಣ್ಣುಮಗಳು ಗಾಲಿಗೆ ಇಟ್ಟ ನಿಂಬೆಹಣ್ಣು ಹಿಚುಕಿಯೇ ಹೊರಡಬೇಕು. ಅಲ್ಲಿಯವರೆಗೆ ಅದು ಗ್ಯಾಂಗಿನದಲ್ಲ. ಅವಳನ್ನು ಕರೆತಂದದ್ದು ಅದಕ್ಕೆ, ಕೇಳುವುದಕ್ಕಲ್ಲ. ಅವಳು ಕೇಳಿಯೇಬಿಟ್ಟಳು.

"ಬಸ್ಯಾ, ಇದರಾಗ ನಾವು ಎಲ್ಲಿ ಕುಂಡ್ರೂದು?"

"ಎಂದಿನಂಗ, ಚಿಗವ್ವ."

ಎಂದಿನಂತೆ ಅಂದರೆ ಗಂಡಸರು ಬೈಕಿನ ಮೇಲೆ, ಹೆಂಗಸರು ಹೊರೆಯ ಮೇಲೆ. ಸರಕಿನ ಗಾಡಿಯಲ್ಲಿ ಮನುಷ್ಯರನ್ನು ಸಾಗಿಸುವಂತಿಲ್ಲ. ಹಾಗಾಗಿ ಚೌಕದಲ್ಲಿ ಪೊಲೀಸ್ ಕಂಡ ಕೂಡಲೇ ಕಾಡಪ್ಪ ಬಾಗಿಲ ತಗಡಿಗೆ ಎರಡು ಸಲ ಬಡಿಯುತ್ತಾನೆ. ಹೆಂಗಸರು ಮಲಗಿ, ಹೊರೆಗೆ ಹೊದಿಸುವ ತಾಡಪತ್ರಿ ಎಳೆದುಕೊಂಡು ಸರಕಾಗುತ್ತಾರೆ. ಹೋದ ಮಳೆಗಾಲದಲ್ಲಿ ಹಳೆಯ ಗಾಡಿ ಕಾತ್ರಜದ ಇಳಿಜಾರಿನಲ್ಲಿ ತಿರುಗಿದಾಗ, ತಾಡಪತ್ರಿಯ ಕತ್ತಲಲ್ಲಿದ್ದ ಗ್ಯಾಂಗಿನ ದೇವೀರಮ್ಮನಿಗೆ ತಿರುವು ಯಾವ ಕಡೆಗೆ ಎಂದು ತಿಳಿಯಲಿಲ್ಲ. ನೀರಿನ ಡ್ರಮ್ಮು ಅವಳನ್ನು ತಳ್ಳಿಕೊಂಡೇ ರಸ್ತೆಗೆ ಬಿತ್ತು. ಅಂದಿನಿಂದ ಸೊಂಟದ ಕೆಳಗೆ ಜೀವವಿಲ್ಲ. ಸೈಟಿನ ಮೆಟ್ಟಿಲ ಮೇಲಿಂದ ಜಾರಿದಳು ಎಂದು ಬಸವಲಿಂಗ ಆಸ್ಪತ್ರೆಯಲ್ಲೂ ಹೇಳಿದ, ಅವಳ ಗಂಡನಿಗೂ ಹೇಳಿದ. ಗಾಡಿಯಿಂದ ಬಿದ್ದೆನೆಂದು ಅವಳು ಅಂದದ್ದನ್ನು ಗಂಡ ನೋವಿನ ಬಡಬಡಿಕೆ ಎಂದುಕೊಂಡ. ನೋಡಿದವರು ಕೂಲಿ ತಪ್ಪೀತೆಂದು ಅಂಜಿ ಬಾಯಿ ಬಿಡಲಿಲ್ಲ. ಎಷ್ಟು ಭಾರ ತಾಳುತ್ತದೆಂದು ಗಾಡಿಯ ಮೈಮೇಲೆ ಬರೆದಿರುತ್ತಾರೆ. ಎಷ್ಟು ಹೆಂಗಸರನ್ನು ಕೆಡವಬಲ್ಲದೆಂದು ಯಾವ ಗಾಡಿಯ ಮೇಲೂ ಬರೆದಿರುವುದಿಲ್ಲ.

ಸ್ವಪ್ನಿಲ್‌ಗೆ ಇದೇನೂ ಗೊತ್ತಿರಲಿಲ್ಲ. "ಮಾವಶಿ, ಡಬಲ್‌ನ್ಯಾಗ ಡ್ರೈವರ್ ಬಿಟ್ಟು ನಾಲ್ಕು ಮಂದಿ ಹಿಡಿತಾರ. ನೀವು ಹೆಣ್ಮಕ್ಕಳು ಎಷ್ಟು ಮಂದಿ ಇದ್ದೀರಿ?"

"ನಾಲ್ಕು."

"ಬರೋಬ್ಬರಿ ಆತಲ್ರಿ!"

"ಈಗ ಬರೋಬ್ಬರಿ ಆಗತದ. ಹ್ವಾದ ಮಳಿಗಾಲದಾಗ ಐದು ಮಂದಿ ಇದ್ದೆವು."

ಸ್ವಪ್ನಿಲ್ ಬಾನೆಟ್ ಒರೆಸತೊಡಗಿದ. ಬಸವಲಿಂಗ ಗಡಬಡಿಸಿ ಅಂದ: "ನಾಳಿ ಹಡಪಸರದಾಗ ಸ್ಲ್ಯಾಬ್ ಅದ. ಸಿಂಗಲ್ ಗಾಡಿ ಒಂದಿನ ಟ್ರಯಲ್ ಕೊಡು. ಹೇರಿ ನೋಡತೀನಿ."

ಅವನು ತಪ್ಪಿದ್ದು ಅಲ್ಲೇ. ಗಾಡಿ ಪರೀಕ್ಷಿಸಲು ಬೇರೆ ಯಾವ ದಿನವನ್ನಾದರೂ ಆರಿಸಬಹುದಿತ್ತು. ಸ್ಲ್ಯಾಬಿನ ದಿನವನ್ನು ಆರಿಸಿದ.

ಮರುದಿನ ಬೆಳಿಗ್ಗೆ ಮಿಕ್ಸರ್ ಯಂತ್ರವನ್ನು ಗಾಡಿಯ ಹಿಂದೆ ಕಟ್ಟಿ, ಹಲಗೆ, ಡ್ರಮ್ಮು ಹೇರಿ, ಅವುಗಳ ಮೇಲೆ ನಾಲ್ವರು ಹತ್ತಿದರು. ಕಾಲಿಡಲು ಮೆಟ್ಟಿಲಿಲ್ಲ, ಹಿಡಿಯಲು ಸರಳಿಲ್ಲ. ದಾರಿಯಲ್ಲಿ ಮೂರು ಸಲ ತಗಡಿನ ಬಡಿತ ಕೇಳಿತು. ಮೂರು ಸಲ ಮಲಗಿದರು. ಎಲ್ಲರಿಗಿಂತ ಕಿರಿಯಳಾದ ವರದಾ ತಾಡಪತ್ರಿಯ ಕೆಳಗೆ ಕಾಶವ್ವನ ಮುಂಗೈ ಹಿಡಿದವಳು ಇಳಿಯುವವರೆಗೂ ಬಿಡಲಿಲ್ಲ. ಮಗರಪಟ್ಟಾದ ಗಾಜಿನ ಗೋಪುರಗಳು ಕಾಣುವ ಸೈಟಿನಲ್ಲಿ ಇಳಿದಾಗ ಅವಳ ಉಗುರಿನ ಗುರುತು ಕಾಶವ್ವನ ಚರ್ಮದಲ್ಲಿ ಮೂಡಿತ್ತು.

ಬಸವಲಿಂಗ ಖುಷಿಯಲ್ಲಿದ್ದ. "ಏನ್ ಎಳಿತದಲೇ ಗಾಡಿ! ಮಿಕ್ಸರ್ ಹಿಂದ ಅದ ಅನ್ನೂದೇ ತಿಳಿವಲ್ದು."

ಸ್ಲ್ಯಾಬ್ ಶುರುವಾಯಿತು. ಒಮ್ಮೆ ಶುರುವಾದರೆ ಮುಗಿಯುವವರೆಗೆ ನಿಲ್ಲುವಂತಿಲ್ಲ. ಅರ್ಧ ಹಾಕಿ ನಿಲ್ಲಿಸಿದರೆ ಹಳೆಯ ಕಾಂಕ್ರೀಟು ಗಟ್ಟಿಯಾಗುತ್ತದೆ, ಹೊಸದು ಅದಕ್ಕೆ ಕೂಡುವುದಿಲ್ಲ, ನಾಳೆ ಆ ಸೀಳಿನಿಂದ ಮನೆಯೊಳಗೆ ನೀರು ಇಳಿಯುತ್ತದೆ. ಇದು ಇಂಜಿನಿಯರಿಗೂ ಗೊತ್ತು, ಬುಟ್ಟಿ ಹೊರುವವರಿಗೂ ಗೊತ್ತು.

ಅರ್ಧ ಸ್ಲ್ಯಾಬ್ ಆಗಿತ್ತು. ಕಾಶವ್ವ ಬುಟ್ಟಿ ಬೋರಲು ಹಾಕಿ ಅದರ ಮೇಲೆ ಕುಳಿತಳು. ವರದಾ ಕುಳಿತಳು. ಉಳಿದಿಬ್ಬರೂ ಕುಳಿತರು. ಮಿಕ್ಸರ್ ಖಾಲಿ ಗಡಗಡ ಅನ್ನುತ್ತಿತ್ತು.

ಕಾಂಕ್ರೀಟು ಯಾಕೆ ನಿಂತಿತೆಂದು ಮೇಲಿನಿಂದ ಇಂಜಿನಿಯರ್ ಮರಾಠಿಯಲ್ಲಿ ಕೂಗಿದ: "ಮಾಲ್ ಕಾ ಥಾಂಬಲಾ?"

ಬಸವಲಿಂಗ ಓಡಿ ಬಂದ. "ಚಿಗವ್ವ, ಏನಾತು? ಏಳು, ಮಾಲ ಗಟ್ಟಿ ಆಗಲಿಕ್ಕತ್ತದ!"

"ಟ್ರಯಲ್ ನಡದದಲ್ಲ, ಪೂರಾ ಆಗಲಿ. ಪಾಟಾ ನೋಡಿದಿ, ಇಂಜಿನ್ ನೋಡಿದಿ, ಹಲಗಿ ಹಿಡಿತಾವೋ ಇಲ್ಲೋ ನೋಡಿದಿ. ನಾವು ಕುಂಡ್ರೂ ಜಾಗಾ ನೋಡಿಲ್ಲ. ಹೊಳ್ಳಿ ಹೋಗಬೇಕಾದ್ರ ಅಲ್ಲಿ ನೀ ಕುಂಡ್ರು."

"ಹುಚ್ಚ ಹಿಡದದೇನು? ಏನರ ಮಾಡೂಣು, ಮಾತು ಕೊಡತೀನಿ."

"ಮಾತು ಬ್ಯಾಡ. ದೇವೀರಮ್ಮಗೂ ಮಾತು ಕೊಟ್ಟಿದ್ದಿ, ಹಿಡಿಲಿಕ್ಕೆ ಸರಳು ಹಾಕಸ್ತೀನಿ ಅಂತ."

"ಮುಕಾದಮ ಹೊರಿ ಮ್ಯಾಲ ಕುಂತು ಹ್ವಾದ್ರ ಮಂದಿ ಏನಂದಾರು?"

"ಮಂದಿಗೆ ಹ್ಯಾಂಗ ಕಂಡೀ? ತಾಡಪತ್ರಿ ಅದಲ್ಲ," ಅಂದಳು ವರದಾ.

ಗಂಡಸರಲ್ಲಿ ಯಾರೋ ಕಿಸಕ್ಕೆಂದರು. ಇಂಜಿನಿಯರ್ ಮತ್ತೆ ಕೂಗಿದ. ಬಸವಲಿಂಗ ಮೇಲೆ ನೋಡಿದ, ಮಿಕ್ಸರ್ ನೋಡಿದ. "ಆತು, ಕುಂಡ್ರತೀನಿ. ಏಳ್ರವ್ವಾ." ನಾಲ್ವರೂ ಎದ್ದರು. ಸ್ಲ್ಯಾಬನ್ನು ಅಂಚಿನವರೆಗೆ ಸೀಳಿಲ್ಲದೆ ಮುಗಿಸಿದರು.

ಸಂಜೆ ಬಸವಲಿಂಗ ಹೊರೆಯ ಮೇಲೆ ಹತ್ತಿದ. ಕಾಶವ್ವ, ವರದಾ ಮುಂದೆ ಡ್ರೈವರನ ಪಕ್ಕ ಕುಳಿತರು. ಇನ್ನಿಬ್ಬರು ಗಂಡಂದಿರ ಬೈಕುಗಳಲ್ಲಿ ಮೂರನೆಯವರಾಗಿ ಒತ್ತಿ ಕುಳಿತು ಹೊರಟರು.

"ಹ್ಯಾಂಗ ಓಡಸ್ಲಿ?" ಕೇಳಿದ ಕಾಡಪ್ಪ.

"ಎಂದಿನಂಗ," ಅಂದಳು ಕಾಶವ್ವ.

ಮೊದಲ ಚೌಕದಲ್ಲೇ ಪೊಲೀಸ್. ಕಾಡಪ್ಪನ ಕೈ ಅನುಮಾನಿಸಿತು. ಕಾಶವ್ವ ಕಿಟಕಿಯಿಂದ ಕೈ ಚಾಚಿ ತಾನೇ ಎರಡು ಸಲ ಬಡಿದಳು. ಹಿಂದಿನ ಗಾಜಿನಲ್ಲಿ ತಾಡಪತ್ರಿ ಉಬ್ಬಿ, ಚಪ್ಪಟೆಯಾಯಿತು. ಗುಂಡಿ ಬಂದಾಗಲೆಲ್ಲ ಡ್ರಮ್ಮು ಧಡ್ ಅಂದಿತು. ವರದಾಗೆ ಮೊದಮೊದಲು ನಗು ಬಂತು, ಆಮೇಲೆ ಬರಲಿಲ್ಲ. ಮೆತ್ತನೆಯ ಸೀಟಿನಲ್ಲಿ ಕಾಶವ್ವನಿಗೆ ಕುಳಿತಲ್ಲಿ ಕೂರಲಾಗಲಿಲ್ಲ. ಪ್ರತಿ ಧಡ್ ಸದ್ದಿಗೂ ಹಿಂತಿರುಗಿ ನೋಡಿದಳು. ದೇವೀರಮ್ಮ ಬಿದ್ದ ತಿರುವು ಮುಂದೆ ಕಂಡಿತು.

"ಕಾಡಪ್ಪ, ಸಾವಕಾಶ."

"ಎಂದಿನಂಗ ಅಂದಿದ್ರಿ?"

"ಇಲ್ಲಿ ಸಾವಕಾಶ."

ದೇವೀರಮ್ಮ ಬಿದ್ದ ದಿನ ಮುಂದೆ ಕುಳಿತವರಲ್ಲಿ ಒಬ್ಬರಾದರೂ ಈ ಒಂದು ಮಾತು ಅನ್ನಲಿಲ್ಲ.

ಬಜಾರಿನಲ್ಲಿ ಗಾಡಿ ನಿಂತಿತು. ಬಸವಲಿಂಗ ತಾಡಪತ್ರಿಯಿಂದ ಹೊರಬಂದಾಗ ಮುಖವೆಲ್ಲ ಸಿಮೆಂಟು, ಮೊಣಕಾಲಿನ ಹತ್ತಿರ ಪ್ಯಾಂಟು ಹರಿದು ರಕ್ತ. ಬಾಡಿಯ ಅಂಚಿಗೆ ಜೋತುಬಿದ್ದು ಕಾಲಿನಿಂದ ಗಾಳಿಯಲ್ಲಿ ಮೆಟ್ಟಿಲು ಹುಡುಕಿದ. ಕೊನೆಗೆ ಕಾಡಪ್ಪ ಸೊಂಟ ಹಿಡಿದು ಇಳಿಸಿದ.

"ಗಾಡಿ ಹ್ಯಾಂಗ ಅದ್ರಿ ಶೇಠ್?" ಕೇಳಿದ ಸ್ವಪ್ನಿಲ್.

ಬಸವಲಿಂಗ ಬಾಯಿಗೆ ಹೋದ ಸಿಮೆಂಟು ಉಗುಳಿದ. "ಪಾಟಾ ಭಾಳ ಗಟ್ಟಿ ಅದ," ಅಂದ. ಆಮೇಲೆ, "ಆ ಡಬಲ್‌ದ್ದು ಕೀಲಿ ಕೊಡು."

"ಹಲಗಿ ಹೊರಗ ಬರತಾವಲ್ಲ, ಮಾಲಕ?" ಅಂದ ಕಾಡಪ್ಪ.

"ಬರಲಿ. ಕೆಂಪ ಅರಬಿ ಕಟ್ಟು."

ಕೀಲಿ ಬಂತು. "ಚಿಗವ್ವ, ನಿಂಬಿಹಣ್ಣ ಇಡು," ಅಂದ ಬಸವಲಿಂಗ.

ಕಾಶವ್ವ ಉಡಿ ಬಿಚ್ಚಲಿಲ್ಲ. "ದೇವೀರಮ್ಮನ ಮನಿ ಮುಂದ ಇಡತೀನಿ. ಅಕಿ ಮೆಟ್ಟಲ ಮ್ಯಾಲಿಂದ ಬಿದ್ದಿಲ್ಲ, ಎಲ್ಲಿಂದ ಬಿದ್ದಾಳ ಅಂತ ನೀನೂ ಹೇಳು, ನಾವೂ ಹೇಳತೀವಿ. ಅಕಿ ಗಂಡನ ಎದುರಿಗೆ. ಆಮ್ಯಾಲ ಈ ಗಾಡಿ ನಮ್ಮದು."

ಬಸವಲಿಂಗ ಮೊಣಕಾಲು ಒತ್ತಿಕೊಂಡು ನಿಂತ. ಸ್ವಪ್ನಿಲ್ ಈಗ ಒರೆಸಲು ಬಾನೆಟ್ ಹುಡುಕಲಿಲ್ಲ, ಅವನೂ ಕಾಯುತ್ತಿದ್ದ.

"ಅಕಿ ಓಣಿಗೆ ನಡಿ," ಎಂದು ಬಸವಲಿಂಗ ಕೀಲಿಯನ್ನು ಕಾಡಪ್ಪನ ಕೈಗಿಟ್ಟ. ತಾನೂ ಮುಂದೆ ಹತ್ತಿದ.

ಕಾಶವ್ವ ಹಿಂದಿನ ಸೀಟಿನಲ್ಲಿ ವರದಾಳ ಪಕ್ಕ ಕುಳಿತಳು. ಗಾಡಿ ಹೊರಟಿತು. ಅವಳು ನಿಂಬೆಹಣ್ಣಿನ ಉಡಿಯನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದಿದ್ದಳು.