ಕಿಫಾಯಾ ಎಂಬ ಹೆಸರು

ಅಮ್ಮ ತೀರಿಕೊಂಡ ಮರುದಿನ ಬೆಳಿಗ್ಗೆ ಪತ್ರಿಕೆ ಬಿಡಿಸಿದಾಗ ನನಗೆ ಅಳು ಬರಲಿಲ್ಲ. ಮೈಯೆಲ್ಲ ಉರಿದುಹೋಯಿತು. ನಮ್ಮ ಮನೆಯವರೇ ಹಾಕಿಸಿದ ನಾಲ್ಕು ಸಾಲಿನ ಮರಣ ಜಾಹೀರಾತು. ತಹ್ತಾ ಪಟ್ಟಣದ ದಿವಂಗತ ಹಾಜಿ ಅಬ್ದುಲ್ ಮೌಜೂದರ ಪತ್ನಿ, ಎಂಜಿನಿಯರ್ ಬಹ್ಗತರ ತಾಯಿ, ವಕೀಲ ಶೌಕತರ ಸಹೋದರಿ, ನಿವೃತ್ತ ಕರ್ನಲ್ ರಿಫಾತರ ಅತ್ತಿಗೆ ದೇವರ ಕರುಣೆಗೆ ಸೇರಿದರು ಅಂತ ಅದರಲ್ಲಿತ್ತು. ನಾಲ್ಕು ಗಂಡಸರು ಹುದ್ದೆ ಸಮೇತ ಮೀಸೆ ತಿರುವಿಕೊಂಡು ಸಾಲಾಗಿ ನಿಂತಿದ್ದರು. ಸತ್ತವಳ ಹೆಸರು ಮಾತ್ರ ಎಲ್ಲೂ ಇರಲಿಲ್ಲ. ಗುರುತಿಲ್ಲದವರು ಓದಿದರೆ ಈ ನಾಲ್ವರೇ ಹೋದರೇನೋ ಅಂದುಕೊಳ್ಳಬೇಕು.

ನನ್ನ ಉರಿಗೆ ಇನ್ನೊಂದು ಕಾರಣವಿತ್ತು. ವಿಶ್ವವಿದ್ಯಾಲಯದ ಮಾಧ್ಯಮ ವಿಭಾಗದಲ್ಲಿ ನಾನು ಸ್ನಾತಕೋತ್ತರ ಪ್ರಬಂಧ ಬರೆಯುತ್ತಿದ್ದದ್ದೇ ಇದರ ಮೇಲೆ. ಮರಣ ಜಾಹೀರಾತುಗಳಲ್ಲಿ ಹೆಂಗಸರ ಹೆಸರು ಎಲ್ಲಿ ಹೋಗುತ್ತದೆ ಅನ್ನುವುದು ನನ್ನ ವಿಷಯ. ಜೊತೆಯವರೆಲ್ಲ ರಂಜಾನ್ ತಿಂಗಳ ಧಾರಾವಾಹಿಗಳ ನಡುವೆ ಬರುವ ತುಪ್ಪದ ಜಾಹೀರಾತು, ಫೋನ್ ಕಂಪನಿಯ ಹಾಡು ಅಂತ ಕಣ್ಣಿಗೆ ಹಬ್ಬವಾಗುವಂಥದ್ದನ್ನು ಆರಿಸಿಕೊಂಡರು. ನಾನು ಗ್ರಂಥಾಲಯದ ನೆಲಮಾಳಿಗೆಯಲ್ಲಿ ಹಳೆಯ ಪತ್ರಿಕೆಗಳ ಕಂತೆ ಬಿಚ್ಚಿ ಸೀನುತ್ತ ಕೂತೆ. ಅವರು ನನಗೆ 'ಸಾವಿನ ಪುಟ' ಅಂತ ಅಡ್ಡಹೆಸರಿಟ್ಟರು. ಇಟ್ಟುಕೊಳ್ಳಲಿ, ಅದಾದರೂ ಒಂದು ಹೆಸರೇ ಅಂತ ಸುಮ್ಮನಿದ್ದೆ.

ಅಮ್ಮನ ಹೆಸರು ಕಿಫಾಯಾ. ನಮ್ಮ ಮಾತಿನಲ್ಲಿ ಹಾಗೆಂದರೆ 'ಸಾಕು'. ತಾತನಿಗೆ ಸಾಲಾಗಿ ಐದನೆಯದೂ ಹೆಣ್ಣೇ ಆದಾಗ, ಇನ್ನು ಕಳಿಸಬೇಡಪ್ಪಾ ಅಂತ ದೇವರಿಗೆ ಗೊತ್ತಾಗಲೆಂದು ಇಟ್ಟ ಹೆಸರು. ದೇವರಿಗೆ ಅದು ಕೇಳಿಸಲಿಲ್ಲ, ತನ್ನ ಬೆನ್ನಿಗೇ ಇನ್ನೂ ಎರಡು ಹೆಣ್ಣು ಕಳಿಸಿ ಆಮೇಲೆ ಶೌಕತನನ್ನು ಕೊಟ್ಟ ಅಂತ ಅಮ್ಮ ನಗುತ್ತಿದ್ದಳು. ಹೆಸರು ಹಿಡಿದು ಕರೆಯುತ್ತಿದ್ದ ಅಕ್ಕಂದಿರು ಒಬ್ಬೊಬ್ಬರಾಗಿ ತೀರಿಹೋದರು. ಅಪ್ಪ ಅವಳನ್ನು 'ಇವಳೇ' ಅಂದೇ ಕರೆದು ಕಾಲ ಹಾಕಿದ. ಬೀದಿಗೆಲ್ಲ ಅವಳು ಉಮ್ ಬಹ್ಗತ್, ಬಹ್ಗತನ ತಾಯಿ. ನನ್ನ ಪ್ರಬಂಧದ ವಿಷಯ ಕೇಳಿದ ದಿನ ಅವಳು ಮುಲೂಖಿಯಾ ಸೊಪ್ಪು ಹೆಚ್ಚುತ್ತಿದ್ದಳು. ಕತ್ತಿ ನಿಲ್ಲಿಸಿ ನನ್ನ ಮುಖ ನೋಡಿದಳು.

"ನಾನು ಹೋದಾಗ ನನ್ ಹೆಸರು ಹಾಕಿಸ್ತೀಯೇನೇ ನಗ್ಲಾ? ಒಂದ್ಸಲ ಅಚ್ಚಲ್ಲಿ ಬರ್ಲಿ. ಮದ್ವೆ ಕಾಗ್ದದಲ್ಲೂ 'ಅವರ ಮಗಳು' ಅಂತಷ್ಟೇ ಹಾಕಿದ್ರು."

ಹಾಕಿಸುತ್ತೇನೆ ಅಂತ ಮಾತು ಕೊಟ್ಟೆ. ಅವಳು ಬೇಡಿದ್ದು ಅಷ್ಟೇ. ಹಜ್ ಯಾತ್ರೆ ಬೇಡಲಿಲ್ಲ, ಚಿನ್ನ ಬೇಡಲಿಲ್ಲ.

ಅಣ್ಣ ಬಹ್ಗತನಿಗೆ ಆ ಹೆಸರೇ ಗಂಟಲ ಮುಳ್ಳು. ಶಾಲೆಯಲ್ಲಿ ಯಾವನೋ ಹುಡುಗ ಅಮ್ಮನ ಹೆಸರು ಪತ್ತೆ ಮಾಡಿಬಿಟ್ಟಿದ್ದ. ನಮ್ಮಲ್ಲಿ ತಾಯಿಯ ಹೆಸರು ಹೊರಗೆ ಬರುವುದೇ ಅವಮಾನ, ಹುಡುಗರ ನಡುವೆ ಅದಕ್ಕಿಂತ ದೊಡ್ಡ ಆಯುಧವಿಲ್ಲ. ನಿನ್ನಮ್ಮ ಸಾಕು ಅಂದ್ರೆ ನಿನಗೆ ಎರಡನೇ ರೊಟ್ಟಿ ಹಾಕೋರ್ಯಾರು ಅಂತ ಇಡೀ ತರಗತಿ ಕುಣಿಯಿತು. ಬಹ್ಗತ್ ಒಬ್ಬನ ಮೂಗು ಒಡೆದು, ತನ್ನ ಹಲ್ಲು ಕಳೆದುಕೊಂಡು ಮನೆಗೆ ಬಂದ. ಈಗ ಅವನಿಗೆ ನಲವತ್ತು ದಾಟಿದೆ, ನೀರಾವರಿ ಇಲಾಖೆಯಲ್ಲಿ ಎಂಜಿನಿಯರ್, ಆದರೆ ಆ ಹೆಸರು ಕಿವಿಗೆ ಬಿದ್ದರೆ ಇವತ್ತಿಗೂ ನಾಲಿಗೆ ಆ ಹಲ್ಲಿನ ಜಾಗಕ್ಕೆ ಹೋಗುತ್ತದೆ. ನನಗೆ ಅವನ ಮೇಲೆ ಕನಿಕರವಿಲ್ಲವೆಂದಲ್ಲ. ಆದರೆ ಹುಡುಗರು ಆಡಿಕೊಂಡದ್ದಕ್ಕೆ ಅಮ್ಮ ಹೆಸರಿಲ್ಲದೆ ಹೋಗಬೇಕೇ?

ಗಂಡಸರು ಮಣ್ಣು ಮಾಡಿ ಬಂದ ಮಧ್ಯಾಹ್ನ ನಾನು ಅವನನ್ನು ಅಂಗಳಕ್ಕೆ ಎಳೆದೊಯ್ದು, ಅಮ್ಮನ ಹೆಸರು ಹಾಕಿಸಲೇಬೇಕು ಅಂತ ಹಿಡಿದ ಪಟ್ಟು ಬಿಡಲಿಲ್ಲ. ಅವನು ಸಂಬಂಧಿಕರ ಮುಖ ತೋರಿಸಿದ, ಚಿಕ್ಕಪ್ಪ ಕರ್ನಲ್‌ನ ಸಿಟ್ಟು ತೋರಿಸಿದ, ಪತ್ರಿಕೆಯನ್ನು ಕಾಫಿ ಅಂಗಡಿಯಲ್ಲಿ ಕಂಡವರೆಲ್ಲ ಓದುತ್ತಾರೆ ಅಂದ. ಓದಲೆಂದೇ ಹಾಕಿಸುವುದು ಅಂದೆ. ಕೊನೆಗೆ ಸೋತ. ನನ್ನೆದುರಿಗೇ ಪತ್ರಿಕೆಯ ಶಾಖಾ ಕಚೇರಿಗೆ ಫೋನ್ ಮಾಡಿ ಗಂಡಸರ ಹೆಸರುಗಳನ್ನು ಗಟ್ಟಿಯಾಗಿ ಬರೆಸಿದ. ಆಮೇಲೆ ಆ ಕಡೆಯವನು ಏನೋ ಕೇಳಿರಬೇಕು. ಬಹ್ಗತ್ ಗೋಡೆಯ ಕಡೆ ತಿರುಗಿ, ಕದ್ದ ಮಾಲು ಕೈ ಬದಲಾಯಿಸುವವನ ದನಿಯಲ್ಲಿ, "ಕಿಫಾಯಾ" ಅಂದ. ನನ್ನ ಕಿವಿಯಾರೆ ಕೇಳಿದೆ. ಆ ಕ್ಷಣಕ್ಕೆ ಅಣ್ಣನ ಮೇಲಿದ್ದ ಸಿಟ್ಟೆಲ್ಲ ಇಳಿದು, ಅವನ ಹಣೆಗೆ ಮುತ್ತಿಟ್ಟೆ.

ಹಾಗಿದ್ದ ಮೇಲೆ ಬೆಳಿಗ್ಗೆ ಹೆಸರು ಎಲ್ಲಿ ಹೋಯಿತು? ನನ್ನ ಕಣ್ಣ ಮರೆಯಲ್ಲಿ ಇನ್ನೊಮ್ಮೆ ಫೋನ್ ಮಾಡಿ ತೆಗೆಸಿದ್ದಾನೆ ಅಂತಲೇ ತಿಳಿದೆ. ಸಂತಾಪಕ್ಕೆ ಬಂದ ಗಂಡಸರು ಶಾಮಿಯಾನದ ಕೆಳಗೆ ಕಹಿ ಕಾಫಿ ಕುಡಿಯುತ್ತ ಕೂತಿದ್ದಾಗ ಅವನನ್ನು ಬಾಗಿಲಿಗೆ ಕರೆಸಿ, ಪತ್ರಿಕೆಯನ್ನು ಎದೆಗೆ ಎಸೆದು, ಬಾಯಿಗೆ ಬಂದದ್ದು ಅಂದೆ. ಅವನು ಓದಿದ, ಮತ್ತೆ ಓದಿದ. ಅಮ್ಮನ ಗೋರಿಯ ಮೇಲೆ ಆಣೆ ಇಟ್ಟು ತಾನು ಏನೂ ಮಾಡಿಲ್ಲವೆಂದ. ಅದು ಸುಳ್ಳಲ್ಲ ಅಂತ ಮುಖ ನೋಡಿದರೆ ಗೊತ್ತಾಗುತ್ತಿತ್ತು. ಜೊತೆಗೆ ಇನ್ನೊಂದೂ ಗೊತ್ತಾಯಿತು. ಹೊರೆ ಇಳಿದ ಕತ್ತೆಯ ಹಾಗೆ ಅವನು ಹಗುರಾಗಿದ್ದ.

ನಾನು ಕಪ್ಪು ಬಟ್ಟೆಯಲ್ಲೇ ಕಚೇರಿಗೆ ನಡೆದೆ. ಜಾಹೀರಾತು ಬರೆದುಕೊಳ್ಳುವವನು ಲಬೀಬ್ ಅಂತ, ಪ್ರಬಂಧಕ್ಕಾಗಿ ಎಷ್ಟೋ ಸಲ ಹೋಗಿ ಮಾತಾಡಿಸಿದ್ದ ಮನುಷ್ಯ. ಟೀ ತರಿಸಿದ, ಸಂತಾಪ ಹೇಳಿದ. ಹೆಸರೇಕೆ ಬಿಟ್ಟಿರಿ ಅಂದರೆ ಅವನಿಗೆ ನಿಜವಾಗಿಯೂ ಆಶ್ಚರ್ಯವಾಯಿತು.

"ತಂಗೀ, ಹೆಸರೇನು ಅಂತ ನಾನೇ ಕೇಳ್ದೆ. ಸಾಕು ಅಂದ್ರು. ತಾಯಿ ಕಳ್ಕೊಂಡ ಮನುಷ್ಯ ಸಾಕು ಅಂದ್ಮೇಲೆ ಇನ್ನೂ ಕೆದಕೋಕಾಗುತ್ತಾ? ಆಯ್ತು ಸ್ವಾಮಿ, ದೇವ್ರು ನಿಮಗೆ ತಾಳ್ಮೆ ಕೊಡ್ಲಿ ಅಂತ ಇಟ್ಬಿಟ್ಟೆ."

ನನಗೆ ನಗು ಬಂತು. ಕಪ್ಪು ಬಟ್ಟೆ ಹಾಕಿಕೊಂಡು, ಅಮ್ಮ ಸತ್ತ ಮರುದಿನ, ಆ ಕಚೇರಿಯಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕೆ. ತಾತ ದೇವರಿಗೆ ಹೇಳಿದ್ದು ದೇವರಿಗೆ ಕೇಳಿಸಲಿಲ್ಲ, ಲಬೀಬನಿಗೆ ಕೇಳಿಸಿತು. ಅದು ಅವಳ ಹೆಸರು, ಸಾಕು ಅನ್ನುವುದೇ ಅವಳ ಹೆಸರು ಅಂತ ಬಿಡಿಸಿ ಹೇಳಿದೆ. ಅವನು ಬಾಯಿ ತೆರೆದು ನೋಡಿದ. ಆಮೇಲೆ ಸಮಾಧಾನ ಮಾಡುವವನಂತೆ, ಇಷ್ಟು ವರ್ಷದಲ್ಲಿ ಯಾವ ಗಂಡಸೂ ಹೆಂಗಸಿನ ಹೆಸರು ಕೇಳಿದರೆ ಹೇಳಿದ್ದಿಲ್ಲ, ಬರೆದದ್ದು ಸಾಕು ಅನ್ನುವವರೇ ಎಲ್ಲ, ತನ್ನ ತಪ್ಪೇನಿದೆ ಅಂದ. ಆಗ ನಗು ನಿಂತಿತು. ಮೇಜಿಗೆ ಗುದ್ದಿದ ಏಟಿಗೆ ಟೀ ಅವನ ಕಾಗದಗಳ ಮೇಲೆ ಚೆಲ್ಲಿತು.

ತಿದ್ದುಪಡಿ ಹಾಕಿ ಅಂದೆ. ಜಾಹೀರಾತು ಕೊಟ್ಟವರೇ ಕೇಳಬೇಕು, ಅದು ನಿಯಮ ಅಂದ. ಅಲ್ಲಿಂದಲೇ ಬಹ್ಗತನಿಗೆ ಫೋನ್ ಮಾಡಿದೆ. ನಡೆದದ್ದನ್ನು ಅವನು ಪೂರ್ತಿ ಕೇಳಿಸಿಕೊಂಡ.

"ನಾನು ಹೇಳಿದ್ನಲ್ಲ? ನನ್ ಕಡೆಯಿಂದ ಆಯ್ತು. ದೇವ್ರೇ ಮುಚ್ಚಿಟ್ಟಿದಾನೆ, ಅದನ್ನ ಬಿಚ್ಚೋಕೆ ನೀನ್ಯಾರು?"

ದೇವರಲ್ಲ, ಲಬೀಬ್ ಅನ್ನುವಷ್ಟರಲ್ಲಿ ಫೋನ್ ಇಟ್ಟಿದ್ದ.

ನನ್ನ ಮಾರ್ಗದರ್ಶಕ ಡಾಕ್ಟರ್ ಫಿಕ್ರಿಗೆ ಪತ್ರಿಕೆಯವರೆಲ್ಲ ಶಿಷ್ಯರೇ. ಅವರ ಒಂದು ಮಾತು ಸಾಕಿತ್ತು. ಆ ಸಂಜೆ ಅವರು ಸಂತಾಪ ಹೇಳಲು ಫೋನ್ ಮಾಡಿದಾಗ ಎಲ್ಲ ಹೇಳಿಕೊಂಡೆ. ಅವರು ಖುಷಿಯಾಗಿಬಿಟ್ಟರು. ಎಂಥ ಉದಾಹರಣೆ ನಗ್ಲಾ, ಹುಡುಕಿದರೂ ಸಿಗುವಂಥದ್ದಲ್ಲ, ನಾಲ್ಕನೇ ಅಧ್ಯಾಯಕ್ಕೆ ಕಳಶ ಇಟ್ಟ ಹಾಗಾಗುತ್ತದೆ, ಪರೀಕ್ಷಕರು ತಲೆದೂಗುತ್ತಾರೆ ಅಂದರು. ಅಮ್ಮ ಸತ್ತದ್ದು ಅವರ ಮಟ್ಟಿಗೆ ನನ್ನ ಅದೃಷ್ಟ. ಹಲ್ಲು ಕಚ್ಚಿಕೊಂಡು, ತಿದ್ದುಪಡಿಗೆ ಒಂದು ಮಾತು ಹೇಳುತ್ತೀರಾ ಅಂದೆ. ಕುಟುಂಬದ ವಿಷಯದಲ್ಲಿ ತಾನು ಕೈ ಹಾಕುವುದು ಸರಿಯಲ್ಲವೆಂದರು. ಹಾಗಾದರೆ ಪ್ರಬಂಧದಲ್ಲಿ ಅಮ್ಮನ ಹೆಸರು ಬರೆಯುತ್ತೇನೆ ಅಂದೆ.

"ಹೆಸರು ಬೇಡ. 'ಮೃತೆ ಕ.' ಅಂತ ಬರಿ. ಸಂಶೋಧನೇಲಿ ಹೆಸರು ಮರೆಮಾಡೋದು ನೀತಿ."

"ಮಗಳು ನಾನೇ ಒಪ್ಪಿದೀನಿ, ಡಾಕ್ಟರೇ."

"ಮನೆ ಗಂಡಸಿನ ಒಪ್ಪಿಗೆ ಇದ್ರೆ ಒಳ್ಳೇದು. ನಾಳೆ ಯಾರಾದ್ರೂ ಗಲಾಟೆ ಮಾಡಿದ್ರೆ?"

ಗಾಯದ ಮೇಲೆ ಬರೆ ಅಂದರೆ ಇದು. ಹೆಸರು ಎಲ್ಲಿ ಹೋಗುತ್ತದೆ ಅಂತ ನಾನು ವರ್ಷಗಟ್ಟಲೆ ನೆಲಮಾಳಿಗೆಯಲ್ಲಿ ಹುಡುಕಿದ್ದೆ. ಒಂದು ಪಾಲು ಅಣ್ಣನ ಬಳಿ, ಒಂದು ಪಾಲು ಲಬೀಬನ ಬಳಿ, ಉಳಿದದ್ದು ನನ್ನ ಪ್ರಬಂಧದೊಳಗೇ ಇತ್ತು. ಆ ಅಧ್ಯಾಯದಲ್ಲಿ ಕಿಫಾಯಾ ಅಂತಲೇ ಇರುತ್ತದೆ, ಬೇಕಾದರೆ ನನ್ನ ಪದವಿಯನ್ನು ನೀವೇ ಇಟ್ಟುಕೊಳ್ಳಿ ಅಂದೆ. ದುಃಖದಲ್ಲಿದ್ದೀಯ, ಆಮೇಲೆ ಮಾತಾಡೋಣ ಅಂತ ಅವರು ಮಾತು ಮುಗಿಸಿದರು.

ಆದರೆ ಸಾವಿನ ಪುಟವನ್ನು ಓದಿ ಓದಿ ನನಗೊಂದು ವಿಷಯ ಗೊತ್ತಿತ್ತು. ಮರಣದ ಜಾಹೀರಾತು ಮನೆತನದ್ದು. ಸಂತಾಪಕ್ಕೆ ಕೃತಜ್ಞತೆ ಹೇಳುವ ಜಾಹೀರಾತು ಹಾಗಲ್ಲ, ಅದನ್ನು ಯಾರು ಬೇಕಾದರೂ ಕೊಡಬಹುದು. ಸಂತಾಪದ ದಿನಗಳು ಮುಗಿದ ಕೂಡಲೇ ಲಬೀಬನ ಮುಂದೆ ನನ್ನ ಗುರುತಿನ ಚೀಟಿ ಇಟ್ಟು ಎರಡೇ ಸಾಲು ಬರೆದುಕೊಟ್ಟೆ. ತಹ್ತಾದ ಕಿಫಾಯಾ ಅವರ ಸಾವಿನ ದುಃಖದಲ್ಲಿ ಜೊತೆಗಿದ್ದ ಎಲ್ಲರಿಗೂ ಅವರ ಮಗಳು ನಗ್ಲಾ ಋಣಿ. ಒಬ್ಬ ಗಂಡಸಿನ ಹೆಸರಾದರೂ ಬೇಡವೇ, ಬೋಳು ಬೋಳಾಗಿ ಕಾಣುತ್ತದೆ ಅಂದ. ಬೇಡ ಅಂದೆ. ಗಟ್ಟಿಯಾಗಿ ಓದಿಸಿ ಕೇಳಿದ ಮೇಲೆಯೇ ಅಲ್ಲಿಂದ ಎದ್ದೆ.

ಮರುದಿನ ಅದು ಬಂತು. ಅಮ್ಮನ ಹೆಸರು ಅಚ್ಚಿನಲ್ಲಿ, ಕಪ್ಪಗೆ, ಬೆರಳಿಗೆ ಅಂಟುವ ಹಾಗೆ. ನಾನು ಆಗ ಅತ್ತೆ. ಅಷ್ಟರಲ್ಲಿ ಬಹ್ಗತ್ ಬಾಗಿಲು ದೂಡಿಕೊಂಡು ಬಂದ. ಇಲಾಖೆಯಲ್ಲಿ ಯಾರೋ, ಯಾರ್ರೀ ಈ ಕಿಫಾಯಾ, ನಿಮ್ಮ ತಂದೆಗೆ ಇನ್ನೊಂದು ಸಂಸಾರವಿತ್ತಾ ಅಂತ ಕೇಳಿದ್ದರಂತೆ. ಬೀದಿಗೆ ಬೀದಿಯೇ ಕೇಳುತ್ತಿದೆ, ಮಾನ ಹರಾಜಾಯಿತು, ಓದಿಸಿದ್ದೇ ತಪ್ಪು ಅಂತ ಕಿರುಚಾಡಿದ. ಅಷ್ಟು ವರ್ಷ ಬಾಳಿದ ಬೀದಿಯಲ್ಲಿ ಒಬ್ಬರಿಗೂ ಅವಳ ಹೆಸರು ಗೊತ್ತಿರಲಿಲ್ಲ ಅನ್ನುವುದು ಅವನಿಗೆ ನಾಚಿಕೆ ಅನ್ನಿಸಲಿಲ್ಲ. ಗೊತ್ತಾದದ್ದು ನಾಚಿಕೆ. ನಾನು ಕೂಗಲಿಲ್ಲ. ನಿಧಾನವಾಗಿ, ಪ್ರತಿ ಮಾತೂ ಚುಚ್ಚಲಿ ಅಂತಲೇ ಹೇಳಿದೆ.

"ನೋಡು ಬಹ್ಗತ್, ನಾಳೆ ನಿನ್ನನ್ನ ಮಣ್ಣಲ್ಲಿ ಮಲಗಿಸಿದ್ಮೇಲೆ ಮಸೀದಿ ಶೇಖ್ ಬಂದು ನಿನ್ ತಲೆ ಹತ್ರ ಕೂತ್ಕೋತಾನೆ. ದೇವದೂತರು ಪ್ರಶ್ನೆ ಕೇಳೋಕೆ ಬರೋ ಮುಂಚೆ ನಿನ್ ಹೆಸರು ಹಿಡಿದು ಕರೀಬೇಕು. ಅಲ್ಲಿ ಅಪ್ಪನ ಹೆಸರು ನಡೆಯಲ್ಲ, ಹುದ್ದೆ ನಡೆಯಲ್ಲ. ಇಂಥವಳ ಮಗನೇ ಅಂತ ತಾಯಿ ಹೆಸರಲ್ಲೇ ಕರೀಬೇಕು. ನಿನ್ ಮಕ್ಕಳಿಗೆ ಅಜ್ಜಿ ಹೆಸರು ಗೊತ್ತಿಲ್ಲ. ನನ್ನ ಕೇಳೋಕೆ ಓಡಿ ಬರ್ತಾರೆ. ನಾನು ಬಾಯಿ ಬಿಡಲ್ಲ."

ಅವನು ಬಿಳಿಚಿಕೊಳ್ಳುತ್ತಾನೆ ಅಂದುಕೊಂಡಿದ್ದೆ. ಅವನು ಕುರ್ಚಿಯಲ್ಲಿ ಕೂತು ಬೆವರು ಒರೆಸಿಕೊಂಡ.

"ಅದಕ್ಕೂ ದಾರಿ ಇದೆ. ತಾಯಿ ಹೆಸರು ಹೇಳೋಕಾಗ್ದಿದ್ರೆ ಹವ್ವಾಳ ಮಗ ಅಂತಾರೆ. ಎಲ್ಲರಿಗೂ ಆದಿತಾಯಿ ಅವಳೇ ತಾನೆ. ಅಮ್ಮನಿಗೂ ಹಾಗೇ ಮಾಡಿಸ್ದೆ."

ಏನು ಮಾಡಿಸಿದೆ ಅಂತ ಕೇಳಿದೆ. ಮಣ್ಣು ಮುಚ್ಚಿದ ಮೇಲೆ ಶೇಖ್ ಅವನ ಕಿವಿಯ ಬಳಿ ಬಂದು ಹೆಸರು ಕೇಳಿದನಂತೆ. ಸುತ್ತ ಇಲಾಖೆಯವರು, ಚಿಕ್ಕಪ್ಪ, ಊರ ಗಂಡಸರು. ದೇವರ ದಾಸಿ ಅನ್ನಿ, ಹವ್ವಾಳ ಮಗಳು ಅನ್ನಿ, ಅಷ್ಟು ನಡೆಯುತ್ತದೆ ಅಂತ ಇವನು ಹೇಳಿದನಂತೆ. ಹೆಂಗಸರು ಮನೆಯಲ್ಲಿದ್ದೆವು, ನಮಗೆ ಗೊತ್ತಾಗಲಿಲ್ಲ. ನಾನು ಅಂಗಳದಲ್ಲಿ ಅವನ ಹಣೆಗೆ ಮುತ್ತಿಟ್ಟಾಗ ಅವನು ಈ ಕೆಲಸ ಮುಗಿಸಿಯೇ ಬಂದಿದ್ದ.

ಪತ್ರಿಕೆಯ ಜೊತೆ ಜಗಳವಾಡುತ್ತ ನಾನು ದಿನ ಕಳೆದಿದ್ದೆ. ಅಲ್ಲಿ ಅವಳು ಹೊಸ ಜಾಗದಲ್ಲಿ, ಕತ್ತಲಲ್ಲಿ, ಯಾರಾದರೂ ಕರೆಯಲಿ ಅಂತ ಮಲಗಿದ್ದಳು. ಯಾರನ್ನೋ ಕರೆದರು. ತನ್ನನ್ನಲ್ಲ ಅಂದುಕೊಂಡಿರುತ್ತಾಳೆ.

ಬಹ್ಗತನ ಮುಂದೆ ಬಾಯಿ ತೆರೆದಿದ್ದರೆ ಕಚ್ಚಿಬಿಡುತ್ತಿದ್ದೆ. ಚಪ್ಪಲಿ ಮೆಟ್ಟಿಕೊಂಡು, ಕಾಲುವೆ ದಾಟಿ, ಬಿಸಿಲಲ್ಲಿ ಸ್ಮಶಾನಕ್ಕೆ ನಡೆದೆ. ಪಕ್ಕದ ಗೋರಿಗೆ ಗಾರೆ ಮಾಡುತ್ತಿದ್ದ ಗಂಡಸರು, ಇದು ಹೆಂಗಸರು ಬರುವ ದಿನವಲ್ಲ ಅನ್ನುವಂತೆ ನೋಡಿದರು. ನಾನು ಅವಳ ತಲೆಯ ಕಡೆ ಮಂಡಿಯೂರಿ ಕೂತೆ. ಶೇಖ್ ಹೇಳುವ ಮಾತುಗಳು ನನಗೆ ಪೂರ್ತಿ ಬರುವುದಿಲ್ಲ. ಬರುವ ಒಂದನ್ನೇ, ಅವಳ ಹೆಸರನ್ನು ಅವಳ ತಾಯಿಯ ಹೆಸರಿನೊಂದಿಗೆ, ಹೇಳಿದೆ, ಮನೆಯ ಮಾಳಿಗೆಯಿಂದ ಕೂಗುವ ಹಾಗೆ, ಆ ಗಂಡಸರಿಗೂ ಕೇಳಲಿ ಅಂತಲೇ.

"ಕಿಫಾಯಾ. ನಬವಿಯ್ಯಾಳ ಮಗಳು ಕಿಫಾಯಾ. ನಿನ್ನನ್ನೇ ಕರೀತಿರೋದು."

ಗಾರೆಯವರ ಕೈ ನಿಂತಿತು. ನಾನು ಮತ್ತೆ ಕೂಗಿದೆ.