ಹದಿನೇಳು ಸಹಿಗಳ ತಕರಾರು

ಗುರುವಾರ ಸಂಜೆ ಐದು ನಲವತ್ತಕ್ಕೆ ಭಾಲ್ಕಿ ಬಸ್ ನಿಲ್ದಾಣದಲ್ಲಿ ಅಪರಿಚಿತನೊಬ್ಬ ಕರುಣಾಳನ್ನು ಹೆಸರು ಹಿಡಿದು ಕರೆದು, ಸೋಮವಾರ ನಿಮ್ಮ ತಾಯಿಯನ್ನು ಮನೆಯಲ್ಲೇ ಇರಿಸಿಕೊಳ್ಳಿ ಎಂದ.

ಏಳು ಗಂಟೆಗೆ ಬೀದರಿನ ನೌಬಾದದ ಮನೆಗೆ ಬಂದು ಚಪ್ಪಲಿ ಬಿಡುವಾಗಲೇ ಅವಳು ಅದನ್ನು ತಾಯಿಗೆ ಹೇಳಿದಳು. ಅನುಸೂಯಾಬಾಯಿ ಹಿಟ್ಟಿನ ಕೈಯಲ್ಲೇ ಹೊರಗೆ ಬಂದರು.

"ಯಾರಂವಾ?"

"ಗೊತ್ತಿಲ್ಲ. ಬಿಳಿ ಅಂಗಿ, ಬಾಯಿ ತುಂಬ ಗುಟಕಾ. 'ಕರುಣಾ ಮೇಡಂ, ಡ್ಯೂಟಿ ಮುಗೀತೇನ್ರಿ' ಅಂದ. ನಮ್ಮ ಲ್ಯಾಬಿನ ಹೆಸರು ಹೇಳಿದ. ಬಾಗಿಲಿನಿಂದ ಎರಡನೇ ಟೇಬಲ್ ನಿಮ್ಮದೇ ಅಲ್ಲೇನು ಅಂದ."

"ಬೈದನೇನು?"

"ಇಲ್ಲವ್ವ. ಭಾಳ ಮರ್ಯಾದಿಯಿಂದ ಮಾತಾಡಿದ. 'ಸೋಮವಾರ ಅಮ್ಮಗ ಆರಾಮ ಮಾಡ್ಲಿಕ್ಕ ಹೇಳ್ರಿ, ಬಿಸಲು ಭಾಳ ಅದ' ಅಂದ."

ಅನುಸೂಯಾಬಾಯಿಗೆ ಅರವತ್ತೊಂದು ವರ್ಷ. ಊರು ಚಿಂತಾಕಿ. ಔರಾದ ತಾಲ್ಲೂಕು ಕಚೇರಿಯ ದಾಖಲೆ ಕೋಣೆಯಲ್ಲಿ ಇಪ್ಪತ್ತೊಂಬತ್ತು ವರ್ಷ ಕೆಲಸ ಮಾಡಿ ನಿವೃತ್ತರಾದವರು. ಗಂಡ ತೀರಿಕೊಂಡು ಆರು ವರ್ಷವಾಗಿತ್ತು. ಮನೆಯಲ್ಲಿ ಅವರು ಮತ್ತು ಭಾಲ್ಕಿಯ ಖಾಸಗಿ ರಕ್ತಪರೀಕ್ಷಾ ಕೇಂದ್ರದಲ್ಲಿ ಕೆಲಸ ಮಾಡುವ ಮಗಳು, ಇಬ್ಬರೇ.

ಸೋಮವಾರ ಎಂದರೆ ಏನು ಎಂಬುದನ್ನು ಅವರು ಮಗಳಿಗೆ ವಿವರಿಸಬೇಕಾಗಿರಲಿಲ್ಲ. ಅವರ ಬಡಾವಣೆಯ ನಕ್ಷೆಯಲ್ಲಿ ಉದ್ಯಾನಕ್ಕೆಂದು ಬಿಟ್ಟಿದ್ದ ಇಪ್ಪತ್ತೆಂಟು ಗುಂಟೆ ಜಾಗದಲ್ಲಿ ಅಂಗಡಿ ಸಂಕೀರ್ಣ ಕಟ್ಟಲು, ಬಡಾವಣೆ ಮಾಡಿದ ಕಂಪನಿಯೇ ಭೂಬಳಕೆ ಬದಲಾವಣೆಗೆ ಅರ್ಜಿ ಹಾಕಿತ್ತು. ಅರವತ್ತೆರಡು ಮನೆಗಳಿಗೆ ನೀರು ಕೊಡುವ ಕೊಳವೆಬಾವಿ ಇದ್ದದ್ದು ಅದೇ ಜಾಗದಲ್ಲಿ. ಪತ್ರಿಕೆಯ ಒಳಪುಟದ ಪ್ರಕಟಣೆಯನ್ನು ಮೊದಲು ನೋಡಿದವರು ಅನುಸೂಯಾಬಾಯಿ. ತಕರಾರು ಬರೆದವರೂ ಅವರೇ. ಹದಿನೇಳು ಜನ ಸಹಿ ಹಾಕಿದ್ದರು. ಹದಿನಾರನೆಯದು ಅವರದು, ಹದಿನೇಳನೆಯದು ಕರುಣಾಳದು. ಸೋಮವಾರ ಹನ್ನೊಂದಕ್ಕೆ ಯೋಜನಾ ಕಚೇರಿಯಲ್ಲಿ ವಿಚಾರಣೆ. ಸಹಿ ಹಾಕಿದವರು ಎದುರಿಗೆ ಬಂದು ಹೇಳದಿದ್ದರೆ ಅವರ ತಕರಾರು ಮುಗಿದಂತೆ. ಒಬ್ಬರೂ ಬರದಿದ್ದರೆ ಕಡತಕ್ಕೆ ಅಡ್ಡಿಯೇ ಇಲ್ಲ.

ಅವರು ಕೈ ತೊಳೆದು, ಯೋಜನಾ ಕಚೇರಿಯ ಗುಮಾಸ್ತ ನಂದಕುಮಾರನಿಗೆ ಫೋನು ಮಾಡಿದರು.

"ನಮ್ಮ ತಕರಾರು ಕಂಪನಿಯವರ ಕೈಗೆ ಹ್ಯಾಂಗ ಹೋಯ್ತು?"

"ಕೊಡಲೇಬೇಕಲ್ರಿ ಬಾಯಿ. ಅರ್ಜಿದಾರರಿಗೆ ಒಂದು ಪ್ರತಿ ಹೋಗ್ತದ. ನಿಯಮ ಅದ."

"ನನ್ನ ಮಗಳು ಎಲ್ಲಿ ಕೆಲಸಾ ಮಾಡ್ತಾಳ ಅನ್ನೋದೂ ನಿಯಮದಾಗ ಅದ ಏನು?"

"ನಮ್ಮ ನಮೂನೆಯೊಳಗ ಹೆಸರು, ಮನಿ ನಂಬರ, ಸಹಿ, ಮೂರೇ ಕಾಲಮ್ಮು ಇತ್ತು. ನೀವು ಸ್ಕೇಲು ಹಿಡಿದು ಇನ್ನೂ ಮೂರು ಹಾಕೀರಿ. ಮೊಬೈಲು, ಉದ್ಯೋಗ, ಕೆಲಸದ ಸ್ಥಳ. ಇಷ್ಟು ಚೊಕ್ಕ ಅರ್ಜಿ ನಾ ನೋಡೇ ಇಲ್ಲ ಅಂತ ಅವತ್ತೇ ಹೇಳಿದ್ದೆ, ನೆನಪದ ಏನ್ರಿ?"

ನೆನಪಿತ್ತು. ಔರಾದಿನಲ್ಲಿ ಪೂರ್ತಿ ವಿವರ ಇಲ್ಲದ ಅರ್ಜಿಗಳು 'ಅನಾಮಧೇಯ' ಎಂದು ಕಡತಗಳ ಕಟ್ಟಿನ ತಳಕ್ಕೆ ಹೋಗುವುದನ್ನು ಇಪ್ಪತ್ತೊಂಬತ್ತು ವರ್ಷ ಕಂಡಿದ್ದರು. ತಮ್ಮ ಅರ್ಜಿಗೆ ಹಾಗಾಗಬಾರದೆಂದು ಮನೆಮನೆಗೆ ಹೋಗಿ, ಬರೆಯಲು ಬೇಸರಪಟ್ಟವರ ಕಾಲಮ್ಮುಗಳನ್ನೂ ತಾವೇ ತುಂಬಿದ್ದರು. ಕರುಣಾಳ ಹೆಸರಿನ ಮುಂದಿದ್ದ ಭಾಲ್ಕಿಯ ವಿಳಾಸವೂ ಅವರದೇ ಅಕ್ಷರ.

ಶುಕ್ರವಾರ ಬೆಳಿಗ್ಗೆ ಅಬ್ದುಲ ಗಫೂರ ಬಂದರು. ಮುಖ್ಯರಸ್ತೆಯಲ್ಲಿ ಅವರದು ಟೈರು ರಿಪೇರಿ ಅಂಗಡಿ. ಒಳಗೆ ಕೂಡಲಿಲ್ಲ.

"ಆಪಾ, ನಾನು ಹೆಸರು ವಾಪಸ್ ತಗೊಂಡೇನಿ. ಬೈಯೋದಿದ್ರ ಬೈರಿ."

"ಅಂಗಡಿಗೆ ಬಂದಿದ್ರೇನು?"

"ಇಬ್ಬರು ಬಂದ್ರು. ಚಾ ಕುಡಿದ್ರು. ಫುಟ್‌ಪಾತ್ ಮ್ಯಾಲ ಎಷ್ಟು ಫೂಟ್ ಮುಂದ ಬಂದೀ ಅಂತ ಟೇಪು ಹಿಡಿದು ಅಳೆದ್ರು. ಅಷ್ಟೇ. ಹೋಗೋ ಮುಂದ ಚಾದ ರೊಕ್ಕಾನೂ ಅವರೇ ಕೊಟ್ಟ್ರು, ಅದಕ್ಕೇ ನನಗ ಅಂಜಿಕಿ ಹೆಚ್ಚಾತು."

ಶನಿವಾರ ಸಂಜೆಯೊಳಗೆ ಹನ್ನೆರಡು ಜನ ವಾಪಸ್ ಪಡೆದಿದ್ದರು. ಕಿರಾಣಿ ಅಂಗಡಿಯ ಶಿವಕಾಂತ ಪ್ರತಿ ತೋರಿಸಿದ. ಕಾಗದವನ್ನು ಕಂಪನಿಯ ಜನರೇ ಟೈಪು ಮಾಡಿಸಿ ತಂದಿದ್ದರು. 'ತಪ್ಪು ತಿಳಿವಳಿಕೆಯಿಂದ ಸಹಿ ಮಾಡಿರುತ್ತೇನೆ' ಎಂದಿತ್ತು.

"ದಿನಾ ಮುಂಜಾನಿ ಬಸವಣ್ಣನ ಫೋಟೋದ ಮುಂದ ಕೈ ಮುಗೀತೇನಿ, ಬಾಯಿ. ಇವತ್ತ ತಲಿ ಎತ್ತಲಿಲ್ಲ. ಕಾಲೇಜಿಗೆ ಹೋಗೋ ಮಗನ ಗಾಡಿ ನಂಬರ ಹೇಳಿದ್ರು ಅವರು, ನಾ ಏನು ಮಾಡ್ಲಿ?"

ಸಹಿ ಹಾಕಿದ್ದ ಆ ಮಗನ ಕಾಲೇಜಿನ ಹೆಸರನ್ನೂ ಪಟ್ಟಿಯಲ್ಲಿ ಅನುಸೂಯಾಬಾಯಿಯೇ ಬರೆದಿದ್ದರು. ಅವರು ಕೊಂಡಿದ್ದ ಬೇಳೆಯನ್ನು ಅಂಗಡಿಯಲ್ಲೇ ಮರೆತು ಮನೆಗೆ ಬಂದರು.

ಭಾನುವಾರ ಮಧ್ಯಾಹ್ನದ ಹೊತ್ತಿಗೆ ಉಳಿದದ್ದು ಎರಡೇ ಹೆಸರು.

ಅವರು ಬಿಳಿ ಹಾಳೆ ತೆಗೆದು, ತಮ್ಮ ಕೈಯಾರೆ ಎರಡು ವಾಪಸಾತಿ ಪತ್ರ ಬರೆದರು. ಒಂದಕ್ಕೆ ಸಹಿ ಹಾಕಿ, ಇನ್ನೊಂದನ್ನು ಕರುಣಾಳ ಮುಂದಿಟ್ಟರು.

"ಸಹಿ ಮಾಡು."

"ನೀರು ಬಂದ್ ಆದ ದಿನ ಏನು ಮಾಡ್ತಿ?"

"ಕೊಡಾ ಹೊರ್ತೇನಿ. ಹೊತ್ತು ರೂಢಿ ಅದ ನನಗ."

"ನಾಕು ತಿಂಗಳಾತು, ನಕ್ಷೆ ನಕ್ಷೆ ಅಂತ ನನ್ನ ತಲಿ ತಿಂದವಳು ನೀನು. ಈಗ ನಾನೇ ನಿನಗ ಬುದ್ಧಿ ಹೇಳಬೇಕೇನು?"

"ನಕ್ಷೆ ಇನ್ನೊಂದು ಸಿಗ್ತದ. ಸಹಿ ಮಾಡು, ಕರುಣಾ."

"ಟೇಬಲ್ ಮ್ಯಾಲ ಇರ್ಲಿ. ಮುಂಜಾನಿ ನೋಡ್ತೇನಿ."

ಸೋಮವಾರ ಏಳು ಹತ್ತಕ್ಕೆ ಕರುಣಾ ಎಂದಿನಂತೆ ಚೀಲ ತಗಲಿಸಿಕೊಂಡು ಹೊರಟಳು. ಮೇಜಿನ ಮೇಲಿನ ಹಾಳೆಯಲ್ಲಿ ಸಹಿ ಇರಲಿಲ್ಲ. ಎಂಟು ಗಂಟೆಗೆ ಅನುಸೂಯಾಬಾಯಿ ಫೋನು ಮಾಡಿದರು. ಸ್ವಿಚ್ ಆಫ್. ಎಂಟೂವರೆಗೆ ಮತ್ತೆ ಮಾಡಿದರು. ಒಂಬತ್ತಕ್ಕೆ, ಒಂಬತ್ತು ಕಾಲಿಗೆ. ಮಗಳು ಎಂದೂ ಫೋನು ಆರಿಸುವವಳಲ್ಲ. ಒಂಬತ್ತೂವರೆಗೆ ಭಾಲ್ಕಿಯ ಕೇಂದ್ರಕ್ಕೆ ಮಾಡಿದರು. ಅಲ್ಲಿ ಫೋನು ಎತ್ತಿದವಳು ಮರಿಯಮಬೀ, ಕರುಣಾಳ ಜೊತೆ ಕೆಲಸ ಮಾಡುವವಳು.

"ಕರುಣಾ ಇವತ್ತ ಬಂದಿಲ್ರಿ ಅಮ್ಮಿ. ಮನ್ಯಾಗ ಇಲ್ಲೇನು?"

"ಬಸ್ಸು ಬಂದದ ಏನವ್ವ?"

"ಬಸ್ಸು ಎಂಟೂಕಾಲಿಗೇ ಬಂದದಲ್ರಿ. ಅದರಾಗ ಬರೋ ಉಳಿದವರೆಲ್ಲ ಬಂದಾರ."

ಅನುಸೂಯಾಬಾಯಿ ಫೋನು ಇಟ್ಟರು. ಪೊಲೀಸರಿಗೆ ಹೇಳಬೇಕು ಎನಿಸಿತು. ಎರಡು ತಾಸಿನಿಂದ ಫೋನಿಗೆ ಸಿಗದ, ಇಪ್ಪತ್ತಾರು ವರ್ಷದ ಹುಡುಗಿಯ ಬಗ್ಗೆ ಅವರು ಏನು ಕೇಳುತ್ತಾರೆ ಎಂಬುದೂ ಗೊತ್ತಿತ್ತು. ಭಾಲ್ಕಿಗೆ ಹೋದರೆ ಒಂದು ತಾಸು. ಮಗಳನ್ನು ತಡೆದವರು ಆ ಕಂಪನಿಯ ಜನವೇ ಆಗಿದ್ದರೆ ಅವರಿಗೆ ಬೇಕಾದದ್ದು ಒಂದು ಕಾಗದ. ಅದು ತಮ್ಮ ಕೈಯಲ್ಲಿತ್ತು. ಕೊಟ್ಟುಬಿಟ್ಟರೆ ಮಗಳನ್ನು ಬಿಡುತ್ತಾರೆ. ಬೀಗ ಹಾಕಿದರೋ ಇಲ್ಲವೋ ನೆನಪಾಗಲಿಲ್ಲ. ಆಟೋದಲ್ಲಿ ಕೂತು, ಎರಡೂ ಹಾಳೆಗಳನ್ನು ಎದೆಗೆ ಒತ್ತಿ ಹಿಡಿದು, ಇನ್ನೂ ನಾಲ್ಕು ಸಲ ಫೋನು ಮಾಡಿದರು.

ಹತ್ತು ಗಂಟೆ ಇಪ್ಪತ್ತೈದು ನಿಮಿಷಕ್ಕೆ ಅವರು ಯೋಜನಾ ಕಚೇರಿಯ ಸಭಾಕೋಣೆಯ ಬಾಗಿಲಲ್ಲಿದ್ದರು. ಎರಡನೇ ಸಾಲಿನ ಕುರ್ಚಿಯಲ್ಲಿ ಕರುಣಾ ಕೂತಿದ್ದಳು. ಮಡಿಲಲ್ಲಿ ಚೀಲ.

ಅನುಸೂಯಾಬಾಯಿ ಹೋಗಿ ಅವಳ ರಟ್ಟೆಗೆ ಒಂದು ಏಟು ಹಾಕಿದರು. ಆಮೇಲೆ ಆ ರಟ್ಟೆಯನ್ನೇ ಹಿಡಿದು ಕೂತರು.

"ಫೋನು ಯಾಕ ಬಂದ್ ಇಟ್ಟಿ? ನಾನು ಸತ್ತೆ ಅಂತ ತಿಳ್ಕೊಂಡಿಯೇನು?"

"ಫೋನು ಚಾಲೂ ಇದ್ರ ನೀ ಅಳ್ತಿದ್ದಿ, ನಾನು ವಾಪಸ್ ಬರ್ತಿದ್ದೆ. ನೀ ಲ್ಯಾಬಿಗೆ ಮಾಡ್ತಿ ಅಂತ ನನಗ ಹೊಳೀಲಿಲ್ಲವ್ವ. ತಪ್ಪಾತು."

"ನಡಿ ಮನಿಗೆ."

"ನೀ ಹೋಗು. ನಿನ್ನ ಸಹಿ ನೀ ವಾಪಸ್ ತಗೋ. ನಂದು ನಂದು." ಕರುಣಾ ದನಿ ತಗ್ಗಿಸಿದಳು. "ತಿರುಗಿ ನೋಡಬ್ಯಾಡ. ಬಸ್ ಸ್ಟ್ಯಾಂಡಿನಂವ ಹಿಂದಿನ ಸಾಲಿನಾಗ ಕೂತಾನ."

ಅನುಸೂಯಾಬಾಯಿ ತಿರುಗಿ ನೋಡಿದರು. ಬಿಳಿ ಅಂಗಿಯ, ನಲವತ್ತರ ಆಸುಪಾಸಿನ ಮನುಷ್ಯ ಎದ್ದು ನಿಂತು ಕೈ ಮುಗಿದ.

"ನಮಸ್ಕಾರ್ರಿ ಅಮ್ಮಾ. ಇಷ್ಟು ಬಿಸಲಾಗ ಬಂದೀರಿ. ನೀರು ತರಿಸ್ಲಿ?"

ಅವರು ಮುಂದಕ್ಕೆ ತಿರುಗಿ, ಮಗಳ ರಟ್ಟೆಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದರು.

ಹನ್ನೊಂದಕ್ಕೆ ಅಧಿಕಾರಿ ಬಂದು ಕೂತರು. ನಂದಕುಮಾರ ಪಟ್ಟಿ ಓದತೊಡಗಿದ. ಒಂದು, ವಾಪಸ್. ಎರಡು, ವಾಪಸ್. ಏಳನೆಯ ಹೆಸರಿನ ಹೊತ್ತಿಗೆ ಅಧಿಕಾರಿ ಮೊಬೈಲು ನೋಡುತ್ತಿದ್ದರು. ಹಿಂದಿನ ಸಾಲಿನಲ್ಲಿ ಯಾರೋ ಕುರ್ಚಿ ಎಳೆದುಕೊಂಡು ಹತ್ತಿರ ಬಂದ ಸದ್ದು ಅನುಸೂಯಾಬಾಯಿಗೆ ಕೇಳಿಸಿತು. ಹಾಳೆ ಕೊಟ್ಟರೆ ತಾವು ಹೊರಗೆ. ಆಮೇಲೆ ಪಟ್ಟಿಯಲ್ಲಿ ಉಳಿಯುವುದು ಒಂದೇ ಹೆಸರು, ಅದರ ಮುಂದೆ ಒಂದೇ ವಿಳಾಸ. ಕರುಣಾ ಏಳುವವಳಲ್ಲ ಎಂಬುದು ಅವಳು ಕೂತ ರೀತಿಯಿಂದಲೇ ಗೊತ್ತಾಗುತ್ತಿತ್ತು.

"ಹದಿನಾರು. ಅನುಸೂಯಾಬಾಯಿ."

ಅವರು ಎದ್ದರು. ಹಾಳೆಗಳು ಕೈಯಲ್ಲೇ ಇದ್ದವು. ಅವನ್ನು ನೋಡಿ ನಂದಕುಮಾರ ಕೈ ಚಾಚಿದ.

"ವಾಪಸ್ ಏನ್ರಿ ಬಾಯಿ?"

"ಹಾಜರ್ ಅದೇನಿ," ಎಂದರು. ದನಿ ತೀರ ಸಣ್ಣದಾಗಿತ್ತು. ಅಧಿಕಾರಿ ತಲೆ ಎತ್ತಿ, ಇನ್ನೊಮ್ಮೆ ಹೇಳಿ ಎಂದರು. ಅವರು ಇನ್ನೊಮ್ಮೆ ಹೇಳಿದರು. ನಕ್ಷೆಯ ಸಂಖ್ಯೆ, ಮಂಜೂರಾದ ತಾರೀಖು, ಕೊಳವೆಬಾವಿಯ ಆಳ, ಮನೆಗಳ ಲೆಕ್ಕ, ಎಲ್ಲ ಬಾಯಿಪಾಠ ಇದ್ದದ್ದರಿಂದ ಕಾಗದ ನೋಡಬೇಕಾಗಲಿಲ್ಲ. ಆರು ನಿಮಿಷ ಮಾತಾಡಿದರು. ಅಷ್ಟೂ ಹೊತ್ತು ಎಡಗೈ ಮಗಳ ಹೆಗಲ ಮೇಲಿತ್ತು.

ಹದಿನೇಳನೆಯವಳಾಗಿ ಕರುಣಾ ತನ್ನ ತಕರಾರೂ ಅದೇ ಎಂದಳು.

ಸ್ಥಳ ಪರಿಶೀಲನೆ ಆಗುವವರೆಗೆ ನಿರ್ಧಾರವನ್ನು ಮೂರು ವಾರ ಮುಂದೂಡಲಾಗಿದೆ ಎಂದು ಅಧಿಕಾರಿ ಬರೆಸಿದರು. ಬಿಳಿ ಅಂಗಿಯವನು ತಾಯಿ ಮಗಳು ಹೊರಗೆ ಹೋಗಲು ಬಾಗಿಲನ್ನು ತೆರೆದು ಹಿಡಿದು ನಿಂತಿದ್ದ.

ಮಂಗಳವಾರ ಕರುಣಾ ಕೆಲಸಕ್ಕೆ ಹೋದಳು. ಅನುಸೂಯಾಬಾಯಿ ಜೊತೆಗೆ ಹೋಗಿ, ರಕ್ತಪರೀಕ್ಷಾ ಕೇಂದ್ರದ ಹೊರಗಿನ ಬೆಂಚಿನ ಮೇಲೆ ಸಂಜೆ ಐದೂವರೆಯವರೆಗೆ ಕೂತರು.