ಸೆರಾಫಿನಜ್ಜಿಯ ಸಾವಿನ ಚೀಸ್

ಬೀಗದ ಕೈ ತಿರುಗುತ್ತಿಲ್ಲ, ಒನೆಸೀಮ್ ಭುಜ ಕೊಟ್ಟು ನೆಲಮಾಳಿಗೆಯ ಬಾಗಿಲನ್ನು ನೂಕುತ್ತಿದ್ದಾನೆ, ನನ್ನ ಅಜ್ಜಿಯ ತಂಗಿಯ ಮೊಮ್ಮಗ, ಅರವತ್ತೆಂಟರ ಮುದುಕ, ಬೇಕೆಂದೇ ತಡ ಮಾಡುತ್ತಿದ್ದಾನೋ ಏನೋ, ಮಾಡಲಿ, ಅರ್ಜೆಂಟೀನಾದಿಂದ ಸ್ವಿಟ್ಜರ್ಲೆಂಡಿಗೆ ಬರಲು ಹುಟ್ಟಿದಾಗಿನಿಂದ ಅರವತ್ತೊಂದು ವರ್ಷ ತೆಗೆದುಕೊಂಡವಳಿಗೆ ಒಂದು ಬಾಗಿಲು ಯಾವ ಲೆಕ್ಕ — ತೆರೆಯಿತು, ಆ ವಾಸನೆ, ಉಪ್ಪು, ಒದ್ದೆ ಹಲಗೆ, ಹಳೆಯ ಹಾಲು, ಎಂದೂ ಮೂಸಿದವಳಲ್ಲ, ಆದರೂ ಗೊತ್ತು, ಅಜ್ಜಿ ಹೇಳಿ ಹೇಳಿ ನನ್ನ ಮೂಗಿಗೆ ಬಾಯಿಪಾಠ ಮಾಡಿಸಿಬಿಟ್ಟಿದ್ದಳು. ಜಗಲಿಯಲ್ಲಿ ಕೂತು, ಕುದುರೆಗಳ ದೂಳಿನ ನಡುವೆ ಹೇಳುತ್ತಿದ್ದಳು, ನಮ್ಮೂರಲ್ಲಿ ಮಗೂಗೆ ಹೆಸರಿಟ್ಟ ದಿನ ಒಂದು ಚೀಸ್ ಬಿಲ್ಲೆ ಮಾಡ್ತಾರೆ ದೆಲ್ಮೀರಾ, ಮೆತ್ತಗಿರೋವಾಗ್ಲೇ ಮಗೂ ಕೈ ಒತ್ತಿಸ್ತಾರೆ, ಆಮೇಲೆ ಅದನ್ನ ಯಾರೂ ಮುಟ್ಟೋ ಹಾಗಿಲ್ಲ, ಆ ಮಗು ಮುದಿಯಾಗಿ ಸತ್ತು ಮಣ್ಣಾದ ದಿನ ಎಲ್ಲರೂ ಕೂತು ತಿಂತಾರೆ, ಒಂದು ಚೂರೂ ಉಳಿಸ್ಬಾರ್ದು. ಹತ್ತೊಂಬತ್ತರ ವಯಸ್ಸಿನಲ್ಲಿ ಹಡಗು ಹತ್ತಿದವಳು ಮತ್ತೆ ಬರಲೇ ಇಲ್ಲ, ಬಿಲ್ಲೆ ಇಲ್ಲೇ ಉಳಿಯಿತು, ಕೊನೆಯ ದಿನ ಹೆಬ್ಬೆರಳು ಒಂದು ಕಡೆ, ನಾಲ್ಕು ಬೆರಳು ಒಂದು ಕಡೆ, ನನ್ನ ಮಣಿಕಟ್ಟು ಹಿಡಿದು, ಅದನ್ನ ತಿನ್ನೋವರೆಗೂ ಆ ಊರಲ್ಲಿ ನಾನು ಸತ್ತೋಳಲ್ಲ ಕಣೇ, ಬರೀ ಮನೆ ಬಿಟ್ಟು ಹೋದೋಳು ಅಷ್ಟೆ. ಹೋಗಿ ತಿಂತೀನಿ ಎಂದಿದ್ದೆ. ಇಪ್ಪತ್ತೊಂದು ವರ್ಷದ ಹುಡುಗಿ ಏನು ಬೇಕಾದರೂ ಅಂದಾಳು, ಆಮೇಲೆ ಮದುವೆ, ದನ, ಮಕ್ಕಳು, ಗಂಡನ ಕಾಯಿಲೆ, ಮಾತು ಮಾತ್ರ ಹಾಗೇ ಕೂತಿತ್ತು, ಈಗ ಬಂದಿದ್ದೇನೆ, ಕೊಯ್ಯಿಸದೆ ಈ ಬೆಟ್ಟ ಇಳಿಯುವುದಿಲ್ಲ.

ಬೆಳಿಗ್ಗೆ ಅಡುಗೆಮನೆಯಲ್ಲಿ ನಾನು ಅಜ್ಜಿಯ ಹಳ್ಳಿ ಮಾತಲ್ಲಿ ನಮಸ್ಕಾರ ಹೇಳಿದಾಗ ಒನೆಸೀಮ್ ರೊಟ್ಟಿ ಕೆಳಗಿಟ್ಟು ನಕ್ಕಿದ್ದ, ನಮ್ಮಜ್ಜಿ ಹೋದ್ಮೇಲೆ ಈ ಮಾತು ಕೇಳೇ ಇರ್ಲಿಲ್ಲ ಮದಾಮ್, ಸಮುದ್ರದಾಚೆ ಉಪ್ಪಿನಕಾಯಿ ಹಾಕಿ ಇಟ್ಟಿದ್ರಾ, ಎಂದು, ಚೀಸಿನ ವಿಷಯ ಎತ್ತಿದ್ದೇ ತಡ ಮುಖ ಗಂಟಾಯಿತು, ಹೆಣ ಇಲ್ದೆ ಬಿಲ್ಲೆ ಕೊಯ್ಯೋದು ನಮ್ಮಲ್ಲಿಲ್ಲ. ಅವನ ಹೆಂಡತಿ ಜೆರ್ಮೇನ್ ಕಾಫಿ ಬಗ್ಗಿಸುತ್ತಾ, ಊರಿಗೆ ಬಂದೋಳು ನೀರಿಗೆ ಬರ್ದೆ ಇರ್ತಾಳಾ, ಹೋಗಿ ಬಾಗಿಲು ತೆಗೀರಿ ಅಂದ್ರೆ, ಎಂದಳು, ಆ ಹೆಂಗಸಿನ ಕಾಲಿಗೆ ಬೀಳಬೇಕೆನಿಸಿತು. ಹಲಗೆಗಳ ಮೇಲೆ ಸಾಲು ಸಾಲು ಬಿಲ್ಲೆ, ಬದುಕಿರುವವರವು, ಒನೆಸೀಮನದೂ ಇದೆ, ಅವನು ಅದರತ್ತ ನೋಡುವುದೂ ಇಲ್ಲ, ಮೂಲೆಯದೊಂದನ್ನು ಎರಡೂ ಕೈಯಲ್ಲಿ ಇಳಿಸುತ್ತಾನೆ, ಮರದ ಹಾಗೆ ಕಂದು, ಒಣಗಿ ಕುಗ್ಗಿದೆ, ನಡುವೆ ಐದು ಗುಳಿ. ಐದು ಬೆರಳು. ಚೀಸಿನ ಜೊತೆ ಕೈಯೂ ಕುಗ್ಗಿ ಯಾವ ಮಗುವಿಗೂ ಇರದಷ್ಟು ಚಿಕ್ಕದಾಗಿದೆ, ಹಾಲು ಕರೆದು ಬಟ್ಟೆ ಹಿಂಡಿ ಬಿರಿದ ಅಜ್ಜಿಯ ಆ ದೊಡ್ಡ ಕೈ ಇದೇ ಎಂದರೆ ನಂಬುವುದು ಹೇಗೆ, ಹೆಬ್ಬೆರಳು ಬೇರೆ, ನಾಲ್ಕು ಬೇರೆ, ಇದೇ. ಕಾಗದ ಬಂದಿತ್ತು ಮದಾಮ್, ಎನ್ನುತ್ತಿದ್ದಾನೆ ಒನೆಸೀಮ್, ನನ್ನನ್ನು ನೋಡದೆ, ನಲವತ್ತು ವರ್ಷದ ಹಿಂದೆ, ಸೆರಾಫಿನ್ ತೀರ್ಕೊಂಡ್ಲು ಅಂತ, ನಮ್ಮಮ್ಮ ಓದಿ ಒಲೆಗೆ ಹಾಕಿದ್ಲು, ಶನಿವಾರ ಬಂತು, ಎಂದಿನ ಹಾಗೆ ಉಪ್ಪುನೀರು ಹಿಡಿದು ಇದನ್ನ ಒರಸೋಕೆ ಇಳಿದ್ಲು, ಮೊದ್ಲು ನಮ್ಮಜ್ಜಿ, ಆಮೇಲೆ ಅಮ್ಮ, ಈಗ ನಾನು, ನೂರು ವರ್ಷ, ಒಂದು ಶನಿವಾರ ತಪ್ಪಿಲ್ಲ, ಕೊಯ್ದ್ರೆ ನಾಳೆ ಶನಿವಾರ ಯಾತಕ್ಕೆ ಇಳೀಲಿ. ಸಿಟ್ಟಿನ ಮಾತು ಹುಡುಕಿಕೊಂಡು ಬಂದಿದ್ದೆ, ಮರೆತಿರಿ, ಕೈಬಿಟ್ಟಿರಿ ಎಂದು ಹೇಳಲು, ಇವರು ಕಾದಿದ್ದಾರೆ, ಅಜ್ಜಿಗೆ ಗೊತ್ತೇ ಆಗಲಿಲ್ಲ, ಆದರೂ ಇಲ್ಲ, ಹಿಂದೆ ಸರಿಯುವುದಿಲ್ಲ, ಅವಳು ಕೇಳಿದ್ದು ಕಾಯುವುದನ್ನಲ್ಲ. ನಾಳೆ ಇಳೀಬೇಡಿ ಒನೆಸೀಮ್, ನಿಮ್ಮ ಮಂಡಿಗೂ ಒಳ್ಳೇದು, ಎಂದೆ. ನಗಲಿಲ್ಲ. ಬಟ್ಟೆ ತೆಗೆದು ಇನ್ನೊಂದು ಸಲ ಒರೆಸಿದ, ಸುತ್ತ, ಅಂಚು, ಪ್ರತಿ ಬೆರಳ ಗುಳಿಯೊಳಗೂ, ನಿಧಾನ, ಆಮೇಲೆ ಬಿಲ್ಲೆಯನ್ನು ನನ್ನ ಕಡೆ ತಿರುಗಿಸಿ ಗಟ್ಟಿಯಾಗಿ ಹಿಡಿದ, ಹೂಂ, ಕೊಯ್ಯಿ ತಂಗಿ. ಮೇಲೆ ಬೀದಿಯಲ್ಲಿ ಜೆರ್ಮೇನ್ ಆಗಲೇ ಬಾಗಿಲು ಬಾಗಿಲು ತಟ್ಟುತ್ತಿದ್ದಾಳೆ, ಸೆರಾಫಿನ್ ತೀರ್ಕೊಂಡ್ಲು, ಕೆಳಗೆ ಬನ್ನಿ, ಎಂದು, ಇಲ್ಲಿ ನಾನು ಅರ್ಜೆಂಟೀನಾದಿಂದ ತಂದ ನನ್ನಪ್ಪನ ದನಗಾಹಿ ಚೂರಿ ಇಳಿಯುತ್ತಿಲ್ಲ, ಕಲ್ಲು, ಒನೆಸೀಮನ ಕೈ ನನ್ನ ಕೈ ಮೇಲೆ ಬಂತು, ಭಾರ ಬಿಟ್ಟ, ಬಿರಿಯಿತು. ಹನ್ನೊಂದು ಜನ ಬಂದರು, ಒಬ್ಬಳ ಕೈಯಲ್ಲಿ ಇನ್ನೂ ಹಿಟ್ಟು, ಟೋಪಿ ತೆಗೆದರು, ಯಾರೂ ಅಜ್ಜಿಯನ್ನು ಕಂಡವರಲ್ಲ, ಪಾಪ, ಒಳ್ಳೇ ಹೆಂಗಸು, ಎಂದರು, ಸತ್ತವರಿಗೆ ಹೇಳುವ ಹಾಗೇ, ಅಗಿದರು, ಚೂರೂ ಉಳಿಸದೆ, ಉಪ್ಪು, ಖಾರ, ನಾಲಿಗೆ ಉರಿಯುತ್ತದೆ, ಸತ್ತಳು ನಮ್ಮಜ್ಜಿ, ಕೊನೆಗೂ ಸತ್ತಳು, ಈಗ ಹಲಗೆಯ ಮೇಲೆ ಒಂದೇ ತುಂಡು, ನಡುವಿನದು, ಕೈಗುರುತಿನದು, ಎಲ್ಲರೂ ನನ್ನತ್ತ ನೋಡುತ್ತಿದ್ದಾರೆ, ಮನೆಯವರದ್ದು ಕಡೇ ತುಂಡು, ತಿನ್ನು ತಂಗಿ, ತಿನ್ನುತ್ತೇನೆ, ತಿನ್ನಲೆಂದೇ ಬಂದವಳು, ಎತ್ತಿದ್ದೇನೆ, ತುಟಿಯವರೆಗೆ ತಂದಿದ್ದೇನೆ, ಹೆಬ್ಬೆರಳು ಒಂದು ಕಡೆ, ನಾಲ್ಕು ಒಂದು ಕಡೆ, ಗುಳಿಗಳಲ್ಲಿ ಉಪ್ಪುನೀರು ಇನ್ನೂ ಆರಿಲ್ಲ, ಐದು ಬೆರಳು